ಹೊಳೆಯ ತಲೆಯ ಮೇಲಿಂದ

ಠಾಕುರ್ಲಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮನ್ನು ಯಾರಾದರೂ 'ಎಲ್ಲಿರುತ್ತೀರಿ?' ಎಂದು ಕೇಳಿದರೆ ನಾವು ಕೊಡುವ ಉತ್ತರ ಒಂದೇ. 'ಸೆಂಟ್ರಲ್ ಲೈನಿನಲ್ಲಿ, ಡೊಂಬಿವಲಿ ದಾಟಿದ ಮೇಲೆ, ಕಲ್ಯಾಣಕ್ಕೆ ಒಂದು ಸ್ಟೇಶನ್ ಮೊದಲು.' ಊರಿನಲ್ಲಿದ್ದಾಗ ನಮ್ಮ ಹಿರಿಯರು ಹೀಗೆ ಹೇಳುತ್ತಿರಲಿಲ್ಲ. ಉಡುಪಿಯ ಕಡೆಯವರು ಸುವರ್ಣಾ ನದಿಯ ಆಚೆ ಈಚೆ ಎಂದು ಗುರುತು ಹೇಳುತ್ತಿದ್ದರು; ವಿಜಾಪುರದವರಿಗೆ ಕೃಷ್ಣೆ, ಬೆಳಗಾವಿಯವರಿಗೆ ಮಲಪ್ರಭೆ ಅಥವಾ ಘಟಪ್ರಭೆ. ಇಲ್ಲಿಗೆ ಬಂದ ಮೇಲೆ ಹಳಿಯೇ ನಮ್ಮ ಹೊಳೆ, ಪ್ಲಾಟ್‌ಫಾರ್ಮೇ ದಡ. ಆದರೆ ನಮ್ಮ ಮನೆಗಳಿಂದ ಬಹು ದೂರವೇನೂ ಅಲ್ಲದ ಜಾಗದಲ್ಲಿ ಉಲ್ಹಾಸ ಎಂಬ ನಿಜವಾದ ಹೊಳೆಯೊಂದು ಹರಿಯುತ್ತಿದೆ. ಹೆಸರು ಕೇಳಿದರೆ ಉಲ್ಲಾಸವೇ. ನೋಡಲು ಹೋದವರು ನಮ್ಮಲ್ಲಿ ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಅಷ್ಟು ಉಲ್ಲಾಸದ್ದಾಗಿರಲಾರದು. ಈ ಸಲ ಆ ಹೊಳೆಯನ್ನೂ, ಅದರ ದಂಡೆಯಲ್ಲಿ ಹಳಬರು ಕಟ್ಟಿದ್ದನ್ನೂ, ಅದರ ಸುತ್ತಮುತ್ತಲ ಸೇತುವೆಗಳನ್ನೂ ಕುರಿತು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ಖಂಡಾಳ, ಲೋಣಾವಳಗಳ ಬಳಿಯ ರಾಜಮಾಚಿಯ ಬೆಟ್ಟಗಳಲ್ಲಿ ಈ ನದಿ ಹುಟ್ಟುತ್ತದೆ. ಕರ್ಜತ್, ನೇರಳ, ಬದಲಾಪುರಗಳ ಮಗ್ಗುಲಲ್ಲಿ ಹರಿದು, ಉಲ್ಹಾಸನಗರಕ್ಕೆ ತನ್ನ ಹೆಸರನ್ನು ಕೊಟ್ಟು, ಕಲ್ಯಾಣದ ಹತ್ತಿರ ಸಮುದ್ರದ ಉಬ್ಬರವನ್ನು ಕಂಡು ಖಾಡಿಯಾಗುತ್ತದೆ. ಮುಂದೆ ನಮ್ಮ ಡೊಂಬಿವಲಿಯ ಪಡುವಲಲ್ಲಿ ಸಾಗಿ, ಠಾಣೆಯ ಖಾಡಿಯ ಕಡೆ ಒಂದು ಕಿರುದೋಳನ್ನು ಚಾಚಿ, ತಾನು ವಸಾಯಿಯ ಬಳಿ ಕಡಲನ್ನು ಸೇರುತ್ತದೆ. ಒಟ್ಟು ಸುಮಾರು 120 ಕಿಲೋಮೀಟರಿನ ಪ್ರಯಾಣ. ಇಲ್ಲೊಂದು ಸ್ವಾರಸ್ಯವಿದೆ. ಅದೇ ಲೋಣಾವಳದ ಆಚೆಯ ಇಳಿಜಾರಿನಲ್ಲಿ ಬಿದ್ದ ಮಳೆ ಇಂದ್ರಾಯಣಿಯಾಗಿ ಭೀಮೆಯನ್ನು ಸೇರಿ ಕಲಬುರ್ಗಿಯ ಜಿಲ್ಲೆಗೆ ಹೋಗುತ್ತದೆ. ಘಟ್ಟದ ನೆತ್ತಿಯಲ್ಲಿ ಒಂದೇ ಮೋಡ ಎರಡು ಪಾಲಾಗಿ ಒಂದು ಪಾಲು ಅಫಜಲಪುರದ ಹೊಲಕ್ಕೂ ಇನ್ನೊಂದು ಪಾಲು ಠಾಕುರ್ಲಿಯ ಕೊಡಕ್ಕೂ ಬರುತ್ತದೆಂದರೆ, ಈ ಹೊಳೆಯನ್ನು ತೀರ ಪರಕೀಯವೆಂದು ತಿಳಿಯಲು ಕಾರಣವಿಲ್ಲ.

ವರ್ಷದ ಎಂಟು ತಿಂಗಳು ನಾವು ಇದನ್ನು ಮರೆತಿರುತ್ತೇವೆ. ಮಳೆಗಾಲದಲ್ಲಿ ತಾನು ಇದ್ದೇನೆಂದು ಅದೇ ತಿಳಿಸುತ್ತದೆ. 2019ರ ಜುಲೈ 27ರಂದು ಬದಲಾಪುರ-ವಾಂಗಣಿಗಳ ನಡುವೆ ಹಳಿ ನೀರಿನಲ್ಲಿ ಮುಳುಗಿ, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನಡುನೀರಿನಲ್ಲಿ ನಿಂತುಬಿಟ್ಟಿತಷ್ಟೆ? ಸಾವಿರದ ಮೇಲೆ ಐವತ್ತರಷ್ಟು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ನಮ್ಮ ಕಡೆಯ ಜನ ಊರಿಗೆ ಹೋಗಲು ಹತ್ತುವ ಗಾಡಿ ಅದು. ಆ ದಿನ ಟಿ.ವಿ.ಯಲ್ಲಿ ಕಂಡ ಕಂದುನೀರು ಯಾವ ನದಿಯದೆಂದು ನಮ್ಮ ಮಕ್ಕಳು ಕೇಳಿದಾಗ, 'ನಾವು ಕುಡಿಯುವುದೇ' ಎಂದು ಉತ್ತರ ಕೊಡಬೇಕಾದ ಮನೆಗಳು ಅನೇಕ.

ಇನ್ನು ಹಳಬರ ವಿಷಯ. ಊರಿನ ಬಂಧುಗಳಿಗೆ ಕಲ್ಯಾಣವೆಂದರೆ ಬಸವಣ್ಣನವರ ಕಲ್ಯಾಣವೇ. ನಾವು ಕಲ್ಯಾಣದ ಪಕ್ಕದಲ್ಲಿದ್ದೇವೆ ಎಂದಾಗ ಕೈಮುಗಿದ ಅಜ್ಜಿಯಂದಿರೂ ಉಂಟು. ಆ ಕಲ್ಯಾಣ ಬೇರೆ, ಬೀದರ ಜಿಲ್ಲೆಯದು. ಆದರೆ ಈ ಕಲ್ಯಾಣವೂ ಸಾಮಾನ್ಯ ಊರಲ್ಲ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನ ಕೈಪಿಡಿಯಲ್ಲಿ ಬಂದರೆಂದು ಇದರ ಹೆಸರಿದೆ. ಬೋರಿವಲಿಯ ಕಾಡಿನ ಕಾನ್ಹೇರಿ ಗುಹೆಗಳಲ್ಲಿ ಕಲ್ಯಾಣದ ವರ್ತಕರು ಕೊಟ್ಟ ದಾನಗಳು ಕಲ್ಲಿನಲ್ಲಿ ಬರೆದಿವೆ. ಹೊಳೆಯಿದ್ದುದರಿಂದ ಬಂದರು, ಬಂದರಿದ್ದುದರಿಂದ ಊರು. ಅದೇ ಕಾನ್ಹೇರಿಯಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳೂ ಇವೆ. 'ಕವಿರಾಜಮಾರ್ಗ'ದ ನೃಪತುಂಗನೆಂದರೆ ಆತನೇ. ಅವನ ಕೈಕೆಳಗೆ ಈ ಕೊಂಕಣವನ್ನು ಆಳಿದವರು ಶಿಲಾಹಾರರು. ಅವರ ರಾಜಧಾನಿ ಠಾಣೆ. ಅವರ ತಾಮ್ರಪಟಗಳ ಬಿರುದುಗಳ ಸಾಲಿನಲ್ಲಿ 'ನನ್ನಿಸಮುದ್ರ'ದಂಥ ಅಪ್ಪಟ ಕನ್ನಡ ಮಾತುಗಳು ಬರುವುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ನನ್ನಿ ಎಂದರೆ ಸತ್ಯ. ಠಾಣೆಯ ಅರಸು ತನ್ನನ್ನು ಸತ್ಯದ ಕಡಲೆಂದು ಕನ್ನಡದಲ್ಲಿ ಕರೆಸಿಕೊಳ್ಳುತ್ತಿದ್ದನೆಂಬುದು, ಲೋಕಲಿನ ಬಾಗಿಲಲ್ಲಿ ಜೋತು ಬರುವ ಕನ್ನಡಿಗನಿಗೆ ಒಂದು ಗಳಿಗೆಯಾದರೂ ಎದೆ ಸೆಟೆಸಬಹುದಾದ ಸಂಗತಿ, ಸೆಟೆಸಲು ಜಾಗವಿದ್ದರೆ.

ಆ ಶಿಲಾಹಾರರ ದೊಡ್ಡ ಕೆಲಸ ನಮ್ಮಿಂದ ಕೆಲವೇ ಸ್ಟೇಶನ್ನುಗಳ ದೂರದಲ್ಲಿದೆ. ಅಂಬರನಾಥದ ಶಿವಾಲಯ. ಶಕ 982, ಅಂದರೆ 1060ರ ಶಾಸನ ಅಲ್ಲಿದೆ, ಅರಸು ಮುಮ್ಮುಣಿ. ಕರಿಗಲ್ಲಿನ ಗೋಡೆಯ ಮೇಲೆ ಮೂರ್ತಿಗಳು ಬಳ್ಳಿಯಲ್ಲಿ ಗೊಂಚಲು ಬಿಟ್ಟಂತೆ ಇವೆ. ಬೇಲೂರು ಹಳೇಬೀಡುಗಳನ್ನು ನೋಡಿ ಬಂದ ಕಣ್ಣಿಗೆ ಮೊದಲು ಅಷ್ಟೇನೂ ಎನಿಸದು, ಏಕೆಂದರೆ ಈ ಕಲ್ಲು ಬಳಪದ ಕಲ್ಲಿನಂತೆ ಮೆತ್ತಗಿನದಲ್ಲ, ಉಳಿಗೆ ಸುಲಭವಾಗಿ ಬಗ್ಗುವುದಲ್ಲ, ಒಂಬೈನೂರಕ್ಕೂ ಮೇಲ್ಪಟ್ಟು ಮಳೆಗಾಲಗಳು ಅದರ ಮೇಲೆ ಸುರಿದಿವೆ. ಸ್ವಲ್ಪ ಹೊತ್ತು ನಿಂತರೆ ಮಾತ್ರ ಅದು ಮಾತಾಡತೊಡಗುತ್ತದೆ. ಮಂಟಪದಿಂದ ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ದೇವರು ನೆಲಮಟ್ಟದಿಂದ ಕೆಳಗೆ, ತಂಪಿನಲ್ಲಿದ್ದಾನೆ. ಗುಡಿಯ ಮಗ್ಗುಲಲ್ಲೇ ವಾಲಧುನಿ ಎಂಬ ಚಿಕ್ಕ ಹೊಳೆ. ಅದು ಮುಂದೆ ಉಲ್ಹಾಸವನ್ನು ಸೇರುವುದು. ಕಟ್ಟಿದವರು ಹೊಳೆಯನ್ನು ಕೇಳಿಕೊಂಡು ಕಟ್ಟಿದ್ದಾರೆಂದು ನೋಡಿದವರಿಗೆ ಅನಿಸದೆ ಇರದು. ಶಿವಾಜಿ ಮಹಾರಾಜರೂ ಹಾಗೆಯೇ. 1657ರಲ್ಲಿ ಕಲ್ಯಾಣವನ್ನು ಗೆದ್ದ ಮೇಲೆ ಖಾಡಿಯ ದಿಬ್ಬದ ಮೇಲೆ ದುರ್ಗಾಡಿಯ ಕೋಟೆ ಎದ್ದಿತು. ಮರಾಠರ ನೌಕಾಬಲದ ಆರಂಭವನ್ನು ಜನ ಇಲ್ಲಿಯ ನೀರಿನೊಡನೆಯೇ ಸೇರಿಸಿ ಹೇಳುವುದು. ಕೋಟೆಯ ಮೇಲೆ ನಿಂತರೆ ಹೊಳೆ ಕಾಣುತ್ತದೆ, ಹೊಳೆಯಲ್ಲಿ ಬಂದವನಿಗೆ ಕೋಟೆ ಕಾಣುತ್ತದೆ.

ರೈಲು ಬಂದ ಮೇಲೆ ಸಂಬಂಧ ಬದಲಾಯಿತು. 1853ರ ಏಪ್ರಿಲ್ 16ರಂದು ಮೊದಲ ಗಾಡಿ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ್ದು ಎಲ್ಲರೂ ಬಲ್ಲರು. ಅಲ್ಲಿ ಏಕೆ ನಿಂತಿತು ಎಂಬುದನ್ನು ಹೆಚ್ಚಿನವರು ಕೇಳುವುದಿಲ್ಲ. ಮುಂದೆ ಠಾಣೆಯ ಖಾಡಿಯಿತ್ತು. ಅದಕ್ಕೆ ಕಲ್ಲಿನ ಕಮಾನುಗಳ ಸೇತುವೆ ಕಟ್ಟಿ, ಮುಂಬ್ರದ ಗುಡ್ಡವನ್ನು ಕೊರೆದು, 1854ರ ಮೇ 1ರಂದು ಕಲ್ಯಾಣದ ತನಕ ದಾರಿ ತೆರೆದರು. ಭಾರತದಲ್ಲಿ ರೈಲು ಮೊದಲ ಬಾರಿಗೆ ಇಂಥ ದೊಡ್ಡ ನೀರನ್ನು ದಾಟಿದ್ದು ನಮ್ಮೂರಿಗೆ ಬರುವುದಕ್ಕಾಗಿ ಎಂದು ನಾವು ಹೇಳಿಕೊಳ್ಳಬಹುದು. ಠಾಕುರ್ಲಿಯ ಹೆಸರು ಆಗ ಆ ಇಂಜಿನಿಯರುಗಳಿಗೆ ಗೊತ್ತಿತ್ತೋ ಇಲ್ಲವೋ! 1916ರಲ್ಲಿ ಪಾರ್ಸಿಕ್ ಸುರಂಗವಾಗಿ ಮುಂಬ್ರದ ಸುತ್ತು ತಪ್ಪಿತು. ಠಾಕುರ್ಲಿಗೆ ತನ್ನದೇ ಹೆಸರು ಬಂದದ್ದು 1929ರಲ್ಲಿ, ಪುಣೆಯ ಕಡೆಯ ಗಾಡಿಗಳನ್ನು ವಿದ್ಯುತ್ತಿನಿಂದ ಓಡಿಸಲು ಜಿ.ಐ.ಪಿ. ರೈಲ್ವೆ ಇಲ್ಲಿ ಚೋಳೆಯ ಪವರ್ ಹೌಸನ್ನು ಕಟ್ಟಿದಾಗ. ಕಲ್ಲಿದ್ದಲು ಹಳಿಯಿಂದ ಬರಬೇಕು, ಉಗಿಗೆ ನೀರು ಹೊಳೆಯಿಂದ ಬರಬೇಕು; ಎರಡೂ ಹತ್ತಿರವಿದ್ದ ಜಾಗ ಇದು. ಆ ಪವರ್ ಹೌಸು ಮುಚ್ಚಿ ದಶಕಗಳಾದವು. ಅಲ್ಲಿ ದುಡಿದು ನಿವೃತ್ತರಾದವರು ಹೊಳೆಯನ್ನು ಕುರಿತು ಮಾತಾಡುವ ರೀತಿಯೇ ಬೇರೆ: ನೀರು ಎಷ್ಟಿದೆ, ಉಬ್ಬರ ಯಾವಾಗ, ಕೆಸರು ಎಷ್ಟು. ನಾವಾದರೋ ಹೊಳೆಯನ್ನು ಕಿಟಕಿಯಿಂದ ಕಾಣುವವರು.

ಸೇತುವೆಯೆಂದರೆ ಏನೆಂದು ನಮಗೆಲ್ಲ ಪಾಠವಾದದ್ದು 2016ರ ಆಗಸ್ಟ್ 2ರ ರಾತ್ರಿ. ಮುಂಬಯಿ-ಗೋವಾ ಹೆದ್ದಾರಿಯಲ್ಲಿ ಮಹಾಡದ ಹತ್ತಿರ ಸಾವಿತ್ರಿ ನದಿಯ ಹಳೆಯ ಕಲ್ಲುಕಮಾನಿನ ಸೇತುವೆ ಮಹಾಪೂರದಲ್ಲಿ ಕೊಚ್ಚಿಹೋಯಿತು; ಕತ್ತಲಲ್ಲಿ ಬಂದ ಎರಡು ಎಸ್.ಟಿ. ಬಸ್ಸುಗಳೂ ಇತರ ವಾಹನಗಳೂ ಅದರೊಡನೆ ಹೋದವು. 1928ರ ಸೇತುವೆ ಅದು. ಕಾರವಾರ, ಕುಂದಾಪುರ, ಮಂಗಳೂರಿನ ಕಡೆಗೆ ಬಸ್ಸಿನಲ್ಲಿ ಹೋಗುವ ನಮ್ಮ ಜನ ವರ್ಷಕ್ಕೆ ಎರಡು ಸಲವಾದರೂ ನಿದ್ದೆಗಣ್ಣಿನಲ್ಲಿ ದಾಟುತ್ತಿದ್ದ ಜಾಗ. ಹೊಸ ಸೇತುವೆ 165 ದಿನಗಳಲ್ಲಿ ಮುಗಿದು ಮರುವರ್ಷದ ಜೂನಿನಲ್ಲಿ ತೆರೆಯಿತು. ಅಷ್ಟು ಬೇಗ ಕಟ್ಟಲು ಸಾಧ್ಯವಿತ್ತೆಂಬುದು ಸಂತೋಷದ ಮಾತೂ ಹೌದು, ಸಂಕಟದ ಮಾತೂ ಹೌದು.

ಹಳೆಯದಾದ್ದರಿಂದ ಬಿತ್ತು ಎಂದು ಹೇಳಿ ಮುಗಿಸುವಂತಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ-ಸದಾಶಿವಗಡಗಳ ನಡುವಣ ಕಾಳಿ ನದಿಯ ಸೇತುವೆ ಬಿದ್ದಾಗ ಅದಕ್ಕೆ ವಯಸ್ಸು ನಲವತ್ತರ ಆಸುಪಾಸು; ನಮ್ಮಲ್ಲಿ ಅನೇಕರಷ್ಟೇ. ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ಪುಣ್ಯಕ್ಕೆ ಬದುಕಿಸಿದರು. ಅತ್ತ ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನು ನೋಡಿ. ಕಮಾನಿಲ್ಲ, ಕಬ್ಬಿಣವಿಲ್ಲ, ನೆಟ್ಟ ಕಲ್ಲುಕಂಬಗಳು, ಅವುಗಳ ಮೇಲೆ ಕಲ್ಲುತೊಲೆಗಳು. ಗುಡಿಯ ಮಂಟಪ ಕಟ್ಟಿದ ಕೈಯೇ ಸೇತುವೆಯನ್ನೂ ಕಟ್ಟಿದಂತಿದೆ. ಎರಡು ಶತಮಾನಗಳ ಪ್ರವಾಹಗಳನ್ನು ಕಂಡೂ ಅದು ನಿಂತಿದೆ. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಮುಗಿದ ಸೇತುವೆ ಇನ್ನೊಂದು ಬಗೆ: ಕಲ್ಲು ಇಟ್ಟಿಗೆಗಳ ಹದಿನಾಲ್ಕು ಕಮಾನು, ಒಂದೊಂದೂ 60 ಅಡಿ ಅಗಲ. ಧಾರವಾಡದಿಂದ ಬೆಂಗಳೂರಿಗೆ ಹೋಗುವ ದೊಡ್ಡ ರಸ್ತೆಯನ್ನು ತಲೆಮಾರುಗಳ ಕಾಲ ಹೊತ್ತದ್ದು ಅದೇ.

ಹಾಗಾದರೆ ಸೇತುವೆಯನ್ನು ಕೆಡವುವುದು ಯಾವುದು? ನಾವು ಮೇಲಿನ ರಸ್ತೆಯನ್ನು ನೋಡುತ್ತೇವೆ, ಗುಂಡಿ ಬಿದ್ದರೆ ಬೈಯುತ್ತೇವೆ. ಕಾಯಿಲೆ ಎಷ್ಟೋ ಸಲ ಕಾಲಿನಲ್ಲಿರುತ್ತದೆ. ಹರಿಯುವ ನೀರಿಗೆ ಕಂಬ ಅಡ್ಡ ಬಂದಾಗ ನೀರು ಇಕ್ಕಟ್ಟಾಗಿ, ಕಂಬದ ಬುಡದಲ್ಲಿ ಸುಳಿ ತಿರುಗಿ, ತಳದ ಮರಳನ್ನು ಕೊರೆಯುತ್ತದೆ. ಸಮುದ್ರದ ದಂಡೆಯಲ್ಲಿ ನಿಂತವರ ಹಿಮ್ಮಡಿಯ ಕೆಳಗಿನ ಮರಳು ಅಲೆ ಹಿಂದೆ ಸರಿಯುವಾಗ ಜಾರುವುದನ್ನು ಮಕ್ಕಳೂ ಬಲ್ಲರು. ಅದೇ ಕೆಲಸ, ದೊಡ್ಡ ಪ್ರಮಾಣದಲ್ಲಿ. ನದಿ ತಾನು ಕೊರೆದದ್ದನ್ನು ಬೇರೆ ಕಾಲದಲ್ಲಿ ತಾನೇ ತಂದು ತುಂಬುವುದೂ ಉಂಟು. ಆದರೆ ತುಂಬುವ ಮರಳನ್ನು ಮನುಷ್ಯ ರಾತ್ರೋರಾತ್ರಿ ಎತ್ತಿ ಮಾರಿದರೆ ತುಂಬುವುದು ಯಾವುದರಿಂದ? ನಮ್ಮ ಖಾಡಿಯಲ್ಲಿ ಕಳ್ಳ ಮರಳಿನ ದಂಧೆ ಹೊಸದಲ್ಲ. ದೋಣಿ ಹಿಡಿದರು, ಪಂಪು ಸುಟ್ಟರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಆ ಮರಳಿನಿಂದ ಎದ್ದ ಕಟ್ಟಡ ಯಾವುದು, ಅದರಲ್ಲಿ ಬ್ಲಾಕು ಕೊಂಡವರು ಯಾರು ಎಂದು ವಿಚಾರಿಸಹೊರಟರೆ ಮಾತು ನಮ್ಮ ಬಾಗಿಲಿಗೇ ಬರಬಹುದು.

2018ರ ಜುಲೈಯಲ್ಲಿ ಅಂಧೇರಿಯ ಗೋಖಲೆ ಸೇತುವೆಯ ಪಕ್ಕದ ಭಾಗ ಹಳಿಯ ಮೇಲೆ ಕುಸಿಯಿತು. ಆಮೇಲೆ ರೈಲ್ವೆಯವರೂ ಐ.ಐ.ಟಿ.ಯವರೂ ಸೇರಿ ಹಳೆಯ ಮೇಲ್ಸೇತುವೆಗಳ ನಾಡಿ ಹಿಡಿದು ನೋಡಿದರು. ನಮ್ಮ ಕಲ್ಯಾಣದ ಪತ್ರೀಪುಲ್ ಅಪಾಯದ್ದೆಂದು ತೀರ್ಮಾನವಾಯಿತು. 1914ರ ಆ ಉಕ್ಕಿನ ಸೇತುವೆ ದಾಟಿಸುತ್ತಿದ್ದದ್ದು ಹೊಳೆಯನ್ನಲ್ಲ, ಹಳಿಗಳನ್ನು. ಹಳಿಯೇ ನಮ್ಮ ಹೊಳೆ ಎಂದು ಮೊದಲೇ ಹೇಳಿದೆವಷ್ಟೆ. 2018ರ ನವೆಂಬರಿನಲ್ಲಿ ಅದನ್ನು ಬಿಚ್ಚಿದರು. ಹೊಸದು ತೆರೆದದ್ದು 2021ರ ಜನವರಿಯಲ್ಲಿ. ನಡುವಣ ಎರಡು ವರ್ಷಕ್ಕೂ ಮಿಕ್ಕಿದ ಕಾಲವನ್ನು ನಮ್ಮ ವಾಚಕರಿಗೆ ವರ್ಣಿಸಬೇಕಾಗಿಲ್ಲ. ಹತ್ತು ನಿಮಿಷದ ರಿಕ್ಷಾ ದಾರಿ ಒಂದು ಗಂಟೆಯಾಯಿತು; ಶಾಲೆಯ ಬಸ್ಸಿನಲ್ಲಿ ಮಕ್ಕಳು ಮಲಗಿಬಿಡುತ್ತಿದ್ದರು; ಆಂಬುಲೆನ್ಸಿನ ಗಂಟಲು ಒಣಗುತ್ತಿತ್ತು. ಸುಮಾರು 76 ಮೀಟರಿನ ತೊಲೆಯನ್ನು 2020ರ ನವೆಂಬರಿನಲ್ಲಿ ರೈಲು ನಿಲ್ಲಿಸಿ ಹಳಿಗಳ ಮೇಲೆ ಸರಿಸುವಾಗ ಜನ ಜಾತ್ರೆಯಂತೆ ನೋಡಿದರು. ಅಷ್ಟರಲ್ಲಿ 2019ರ ಸಪ್ಟಂಬರಿನಿಂದ ಡೊಂಬಿವಲಿಯ ಕೋಪರ್ ಸೇತುವೆಯೂ ಮುಚ್ಚಿತ್ತು. ಅದು ಮತ್ತೆ ತೆರೆದದ್ದು 2021ರಲ್ಲಿ. ಹಳಿಯ ಮೇಲಿನ ಭಾಗ ಒಬ್ಬರದು, ಎರಡು ಮಗ್ಗುಲಿನ ರಸ್ತೆ ಇನ್ನೊಬ್ಬರದು ಎಂದಾದ ಮೇಲೆ ಕಡತ ಎಷ್ಟು ಮೇಜುಗಳನ್ನು ಹತ್ತಿ ಇಳಿಯಬೇಕು! ಕಡತದ ನಡಿಗೆಯ ಬಗೆಗೆ ನಮ್ಮಂಥ ಗುಮಾಸ್ತರು ಹೆಚ್ಚು ಮಾತಾಡದಿರುವುದು ಲೇಸು. ಆದರೂ ಇಷ್ಟನ್ನು ಹೇಳಬಹುದು. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಸೇತುವೆಯ ಬುಡವನ್ನು ನೋಡಿ ಬರೆದಿಡುವ ಒಬ್ಬ ಸಣ್ಣ ನೌಕರನ ಎರಡು ಸಾಲು, ಉದ್ಘಾಟನೆಯ ದೊಡ್ಡ ಕಲ್ಲಿಗಿಂತ ನಮಗೆ ಹೆಚ್ಚಿನದು. ಆ ಸಾಲುಗಳನ್ನು ಓದುವವರು ಬೇಕು.

ಹೊಸ ಸೇತುವೆಗಳಿಗೇನೂ ಕೊರತೆಯಿಲ್ಲ. ನವೀ ಮುಂಬಯಿಯ ವಾಚಕರಿಗೆ ವಾಶಿಯ ಸೇತುವೆ 1973ರಲ್ಲೇ ಬಂತು, ರೈಲಿನದು 1992ರಲ್ಲಿ; 2024ರಲ್ಲಂತೂ 21.8 ಕಿಲೋಮೀಟರಿನ ಅಟಲ ಸೇತುವೆಯೇ ಬಂದಿತು. ನಮ್ಮ ಕಡೆ ದುರ್ಗಾಡಿಯ ಹಳೆಯ ಸೇತುವೆಯ ಪಕ್ಕದಲ್ಲಿ ಅಗಲವಾದ ಹೊಸದಾಗಿದೆ. ಡೊಂಬಿವಲಿಯ ಮೋಠಾಗಾವದಿಂದ ಭಿವಂಡಿಯ ಕಡೆಯ ಮಾಣಕೋಲಿಗೆ, ಉಲ್ಹಾಸದ ಖಾಡಿಯನ್ನು ದಾಟುವ ಸೇತುವೆ ವರ್ಷಗಟ್ಟಲೆ ಕಾಯಿಸಿ ಕೊನೆಗೂ 2025ರಲ್ಲಿ ಸಂಚಾರಕ್ಕೆ ಸಿಕ್ಕಿತು. ಠಾಣೆಗೆ ಹೋಗಲು ಇನ್ನು ಕಲ್ಯಾಣವನ್ನೋ ಶೀಳವನ್ನೋ ಸುತ್ತಬೇಕಾಗಿಲ್ಲ. ಸಂತೋಷವೇ.

ನಮ್ಮ ಕಟ್ಟಡದಲ್ಲಿ ಬಾಗಲಕೋಟೆಯ ಕಡೆಯ ಕಾಕಾ ಒಬ್ಬರಿದ್ದಾರೆ. ಮಗನ ಸ್ಕೂಟರಿನ ಹಿಂದೆ ಕೂತು ಆ ಸೇತುವೆಯನ್ನು ನೋಡಿ ಬಂದ ಸಂಜೆ ಅವರು ನಮ್ಮನ್ನು ಜೀನೆಯಲ್ಲಿ ತಡೆದು ಕೇಳಿದರು:

'ಅಲ್ಲೋ ತಮ್ಮಾ, ಪೂಲು ಭಾಳ ಛಲೋ ಆಗೇದ, ಖರೆ. ಆದರ ಇದೆಂಥಾ ಹೊಳಿ? ಇಳೀಲಿಕ್ಕೆ ಒಂದು ಪಾವಟಿಗಿ ಇಲ್ಲ, ಕೂಡಲಿಕ್ಕೆ ಒಂದು ಕಟ್ಟಿ ಇಲ್ಲ.'

'ದುರ್ಗಾಡಿಯ ಹತ್ತಿರ ಗಣೇಶ ಘಾಟ್ ಇದೆಯಲ್ಲಾ, ಕಾಕಾ?' ಎಂದೆವು.

'ಅದು ವರ್ಷಕ್ಕ ಒಮ್ಮೆ ದೇವರನ್ನ ಮುಳುಗಸಲಿಕ್ಕೆ. ನಾ ಕೇಳಿದ್ದು ದಿನಾ ನಾವು ಕೂಡೋದು.'

ಕಾಕಾನ ಊರಿನ ಹಳೆಯ ಪೇಟೆಯ ಭಾಗ ಆಲಮಟ್ಟಿಯ ಹಿನ್ನೀರಿನಲ್ಲಿ ಹೋಗಿದೆ. ಹೊಳೆ ಮನೆಯೊಳಗೆ ಬಂದದ್ದನ್ನು ಕಂಡವರಿಗೂ ಹೊಳೆಯ ದಂಡೆಯಲ್ಲಿ ಕೂಡುವ ಆಸೆ ಹೋಗಿಲ್ಲವೆಂಬುದು ನಮಗೆ ಆ ಹೊತ್ತಿನಲ್ಲಿ ಆಶ್ಚರ್ಯವೆನಿಸಿತು. ಅವರ ಮಾತನ್ನು ಆಮೇಲೆ ಬಹಳ ದಿನ ಯೋಚಿಸಿದೆವು. ಸೇತುವೆ ಎಷ್ಟು ಎತ್ತರವೋ ಹೊಳೆ ಅಷ್ಟು ದೂರ. ಕೆಳಗಿಳಿದು ಕಾಲು ನೆನೆಸುವವನಿಗೆ ನೀರು ಕಪ್ಪಾದದ್ದು ಆ ದಿನವೇ ತಿಳಿಯುತ್ತದೆ. ಮೇಲೆ ಅರವತ್ತರ ವೇಗದಲ್ಲಿ ಹಾಯುವವನಿಗೆ ಯಾವತ್ತೂ ತಿಳಿಯುವುದಿಲ್ಲ. ಅಂಬರನಾಥದ ಗುಡಿಯ ಬುಡದಲ್ಲಿ ಹರಿಯುವ ಅದೇ ವಾಲಧುನಿಗೆ 2014ರ ನವೆಂಬರಿನಲ್ಲಿ ಯಾರೋ ರಾಸಾಯನಿಕ ಕೊಳೆಯನ್ನು ಸುರಿದು, ಅದರ ಹೊಗೆಗೆ ಉಲ್ಹಾಸನಗರದಲ್ಲಿ ನೂರಾರು ಮಂದಿ ಆಸ್ಪತ್ರೆ ಸೇರಬೇಕಾಯಿತು. ಮೋಹನೆಯ ಬಳಿ, ನಗರಕ್ಕೆ ನೀರೆತ್ತುವ ಜಾಗದ ಆಸುಪಾಸಿನಲ್ಲಿಯೇ, ಬೇಸಗೆಯಲ್ಲಿ ಹೊಳೆ ಅಂತರಗಂಗೆಯ ಹಸಿರು ಹೊದ್ದು ಗದ್ದೆಯಂತೆ ಕಾಣುತ್ತದೆ. ದೂರದಿಂದ ನೋಡಿದರೆ ಚೆಲುವೇ. ಚರಂಡಿಯ ನೀರಿನ ಸಾರವನ್ನು ಉಂಡು ಬೆಳೆಯುವ ಗಿಡ ಅದು. ಅದು ಹರಡಿದಷ್ಟೂ ಕೆಳಗಿನ ನೀರಿಗೆ ಉಸಿರು ಕಡಿಮೆ. ಠಾಕುರ್ಲಿಯ ಗೃಹಿಣಿಯರು ಬೆಳಗ್ಗೆ ನಲ್ಲಿಯ ಕೆಳಗೆ ಹಿಡಿಯುವ ಕೊಡಕ್ಕೂ ಆ ಹಸಿರಿಗೂ ನಡುವೆ ಒಂದು ಶುದ್ಧೀಕರಣ ಕೇಂದ್ರ ಮಾತ್ರವಿದೆ.

ಆದುದರಿಂದ ಸಂಘದ ಕಾರ್ಯದರ್ಶಿಗಳಿಗೆ ನಮ್ಮದೊಂದು ಸೂಚನೆ. ಪ್ರತಿ ಚಳಿಗಾಲದಲ್ಲಿ ಬಸ್ಸು ಗೊತ್ತುಮಾಡಿ ದೂರದೂರಿಗೆ ಪ್ರವಾಸ ಹೋಗುತ್ತೇವೆ. ಈ ಸಲ ಮಕ್ಕಳನ್ನು ಕರೆದುಕೊಂಡು ಒಂದು ರವಿವಾರ ಈ ಹೊಳೆಯ ಗುಂಟವೇ ಹೋಗಿ ಬರೋಣ. ಬೆಳಗ್ಗೆ ಠಾಕುರ್ಲಿಯಲ್ಲಿ ನಿಲ್ಲುವ ಬದಲಾಪುರದ ನಿಧಾನ ಗಾಡಿ ಹಿಡಿದರೆ ಅಂಬರನಾಥ. ಅಲ್ಲಿಂದ ಗುಡಿಗೆ ರಿಕ್ಷಾ ಸಾಕು. ಮೂರ್ತಿಗಳನ್ನು ನೋಡಿದ ಮೇಲೆ ಗುಡಿಯ ಹಿಂದಿನ ನೀರನ್ನೂ ಮಕ್ಕಳಿಗೆ ತೋರಿಸಬೇಕು, ಮುಚ್ಚಿಡಬಾರದು. ಮಧ್ಯಾಹ್ನ ಕಲ್ಯಾಣಕ್ಕೆ ಮರಳಿ ದುರ್ಗಾಡಿ. ಕೋಟೆಯ ದಿಬ್ಬದಿಂದ ಸೇತುವೆಯ ಕಂಬಗಳು ಕಾಣುತ್ತವೆ. ಇಳಿತದ ಹೊತ್ತು ನೋಡಿಕೊಂಡು ಹೋದರೆ ಅವುಗಳ ಬುಡವೂ ಒಂದಿಷ್ಟು ಕಾಣಬಹುದು. ದೊಡ್ಡ ಹುಡುಗರು ಅದನ್ನು ಚಿತ್ರ ಬರೆದು ತಂದರೆ ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಹಾಕಬಹುದೆಂದು ಸಂಪಾದಕರು ಆಗಲೇ ಒಪ್ಪಿದ್ದಾರೆ. ಬುತ್ತಿ ಅವರವರದು. ಕಾಕಾ ಬರುತ್ತಾರಂತೆ, ಮಡಿಸುವ ಕುರ್ಚಿಯೊಂದನ್ನು ತಾವೇ ಹೊತ್ತು ತರುವರಂತೆ.